ಕಾರ್ಬನ್ ಟ್ರಾನ್ಸ್‌ಫರ್ ಮುದ್ರಣ ಮತ್ತು ಡಿಜಿಟಲ್ ನೆಗೆಟಿವ್

ಕಾರ್ಬನ್ ಟ್ರಾನ್ಸ್‌ಫರ್ ಎಂಬುದು ಬೆಳ್ಳಿಯ ಲವಣಗಳ ಹಂಗಿಲ್ಲದೆ, ಜೆಲಟಿನ್ ಮತ್ತು ವರ್ಣದ್ರವ್ಯದಿಂದಲೇ ಕಾಗದದ ಮೇಲೆ ಛಾಯಾಚಿತ್ರ ಮೂಡಿಸುವ ಮುದ್ರಣ ವಿಧಾನ. ಕರಗಿಸಿದ ಜೆಲಟಿನ್‌ಗೆ ದೀಪದ ಕಾಡಿಗೆಯನ್ನೋ ಬೇರೆ ಬಣ್ಣದ ಪುಡಿಯನ್ನೋ ಕಲಸಿ, ಹಾಳೆಯೊಂದರ ಮೇಲೆ ಹರಡಿ ಒಣಗಿಸುತ್ತಾರೆ. ಡೈಕ್ರೋಮೇಟ್ ದ್ರಾವಣ ಉಣಿಸಿದಾಗ ಆ ಹಾಳೆ ಬೆಳಕಿಗೆ ಸ್ಪಂದಿಸತೊಡಗುತ್ತದೆ. ಅದನ್ನು ನೆಗೆಟಿವ್‌ನ ಅಡಿಯಲ್ಲಿಟ್ಟು ಅತಿನೇರಳೆ ಬೆಳಕು ಬೀಳಿಸಿ, ಬಳಿಕ ಇನ್ನೊಂದು ಕಾಗದಕ್ಕೆ ಅಂಟಿಸಿ ಬಿಸಿನೀರಿನಲ್ಲಿ ತೊಳೆದರೆ ಚಿತ್ರ ಉಳಿಯುತ್ತದೆ. 1864ರಲ್ಲಿ ಪೂರ್ಣ ರೂಪ ಪಡೆದ ಈ ವಿಧಾನ 20ನೇ ಶತಮಾನದ ನಡುವಿನ ಹೊತ್ತಿಗೆ ಬಹುಮಟ್ಟಿಗೆ ಮರೆಯಾಗಿ, 1990ರ ದಶಕದಿಂದೀಚೆಗೆ ಮತ್ತೆ ಅನೇಕರ ಕೈ ಸೇರಿದೆ. ಕಂಪ್ಯೂಟರಿನಲ್ಲಿ ತಿದ್ದಿ, ಇಂಕ್‌ಜೆಟ್ ಪ್ರಿಂಟರಿನಿಂದ ಪಾರದರ್ಶಕ ಹಾಳೆಯ ಮೇಲೆ ಅಚ್ಚು ತೆಗೆಯುವ ನೆಗೆಟಿವ್ ಈ ಮರುಹುಟ್ಟಿಗೆ ದೊಡ್ಡ ಆಸರೆ. ಹಳೆಯ ಕೈಕಸುಬಿಗೆ ಹೊಸ ಯಂತ್ರ ಬೆರೆತು ಕಸುಬಿನ ಶುದ್ಧಿ ಕೆಟ್ಟಿತು ಎಂಬ ಮಾತೂ ಇದರ ಜೊತೆಗೇ ಕೇಳಿಬಂದಿದೆ. ಆದರೆ ಚಿತ್ರ ಮೂಡುವ ಬಗೆಯನ್ನು ಹತ್ತಿರದಿಂದ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಕಾರ್ಬನ್ ಮುದ್ರಣದ ಸತ್ವವಿರುವುದು ಜೆಲಟಿನ್ ಪದರದ ದಪ್ಪದಲ್ಲಿ. ಡಿಜಿಟಲ್ ನೆಗೆಟಿವ್ ಆ ಸತ್ವಕ್ಕೆ ಕೈ ಹಚ್ಚಿಲ್ಲ; ಮೊದಲ ದಿನದಿಂದಲೂ ಈ ವಿಧಾನವನ್ನು ಕಾಡುತ್ತಿದ್ದ ತೊಡಕುಗಳನ್ನು ಕಳೆದಿದೆ.

19ನೇ ಶತಮಾನದ ನಡುಭಾಗದಲ್ಲಿ ಛಾಯಾಗ್ರಾಹಕರ ದೊಡ್ಡ ಭಯವೆಂದರೆ ಚಿತ್ರ ಮಾಸಿಹೋಗುವುದು. ಬೆಳ್ಳಿಯ ಕಣಗಳಿಂದ ಮೂಡಿದ ಚಿತ್ರಗಳು, ಅವು ಉಪ್ಪುಕಾಗದದವಾಗಲಿ ಮೊಟ್ಟೆಯ ಲೋಳೆ ಬಳಿದ ಆಲ್ಬುಮೆನ್ ಕಾಗದದವಾಗಲಿ, ಕೆಲವೊಮ್ಮೆ ನಾಲ್ಕಾರು ವರ್ಷಗಳಲ್ಲೇ ಹಳದಿಗಟ್ಟುತ್ತಿದ್ದವು. ತೊಳೆಯುವಾಗ ಹೋಗದೆ ಉಳಿದ ಹೈಪೋ ಎಂಬ ಚಿತ್ರ ನಿಲ್ಲಿಸುವ ರಸಾಯನ, ಗಾಳಿಯಲ್ಲಿನ ಗಂಧಕ, ತೇವ ಎಲ್ಲವೂ ಬೆಳ್ಳಿಯನ್ನು ತಿನ್ನುತ್ತಿದ್ದವು. 1855ರಲ್ಲಿ ಲಂಡನ್ನಿನ ಫೋಟೊಗ್ರಾಫಿಕ್ ಸೊಸೈಟಿ ಇದರ ಕಾರಣ ಹುಡುಕಲೆಂದೇ ಒಂದು ಸಮಿತಿ ನೇಮಿಸಿತು. ಮರುವರ್ಷ ಫ್ರಾನ್ಸಿನ ಶ್ರೀಮಂತ ಡ್ಯೂಕ್ ದ ಲ್ಯೂಯಿನ್ ಛಾಯಾಚಿತ್ರಗಳನ್ನು ಬಾಳಿಕೆ ಬರುವಂತೆ ಮುದ್ರಿಸುವ ದಾರಿ ತೋರಿದವರಿಗೆ ಒಟ್ಟು 10,000 ಫ್ರಾಂಕ್ ಬಹುಮಾನ ಘೋಷಿಸಿದ. ಕನ್ನಡ ನಾಡಿನ ದೇವಾಲಯಗಳನ್ನು ಹೊರಜಗತ್ತಿಗೆ ಪರಿಚಯಿಸಿದ ಆರಂಭದ ಗ್ರಂಥಗಳಲ್ಲೊಂದಾದ ‘ಆರ್ಕಿಟೆಕ್ಚರ್ ಇನ್ ಧಾರ್ವಾರ್ ಅಂಡ್ ಮೈಸೂರ್’ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದಾಗ, ಪಿಗೌ, ಬಿಗ್ಸ್ ಮತ್ತು ನೀಲ್ ತೆಗೆದ ಚಿತ್ರಗಳನ್ನು ಆಲ್ಬುಮೆನ್ ಮುದ್ರಣಗಳಾಗಿಯೇ ಪುಟಗಳಿಗೆ ಅಂಟಿಸಲಾಗಿತ್ತು. ಅಂಥ ಪುಸ್ತಕದ ಆಯುಷ್ಯ ಅದರ ಒಂದೊಂದು ಚಿತ್ರವನ್ನು ಎಷ್ಟು ಚೆನ್ನಾಗಿ ತೊಳೆದಿದ್ದರು ಎಂಬುದರ ಮೇಲೆ ನಿಂತಿತ್ತು. ಕಾಡಿಗೆಗೆ ಈ ಅಂಜಿಕೆಯಿಲ್ಲ. ತಾಳೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರಗಳಿಗೆ ತೀಡಿದ ಮಸಿ ಶತಮಾನಗಳ ನಂತರವೂ ಕಪ್ಪಾಗಿಯೇ ಇರುವುದನ್ನು ಹಸ್ತಪ್ರತಿ ಭಂಡಾರಗಳಲ್ಲಿ ಕಾಣಬಹುದು. ಬೆಳಕನ್ನೇ ಬಳಸಿ ಅಂಥ ಮಸಿಯನ್ನು ಕಾಗದದ ಮೇಲೆ ಬೇಕಾದಲ್ಲಿ ಬೇಕಾದಷ್ಟೇ ನಿಲ್ಲಿಸುವುದು ಹೇಗೆ ಎಂಬುದು ಆ ಕಾಲದ ಪ್ರಶ್ನೆಯಾಗಿತ್ತು.

ಉತ್ತರದ ಮೊದಲ ತುಂಡು 1839ರಲ್ಲೇ ಸಿಕ್ಕಿತ್ತು. ಪೊಟ್ಯಾಸಿಯಂ ಡೈಕ್ರೋಮೇಟ್ ಹಚ್ಚಿದ ಕಾಗದ ಬಿಸಿಲಿಗೆ ಬಣ್ಣ ಬದಲಿಸುತ್ತದೆ ಎಂದು ಸ್ಕಾಟ್ಲೆಂಡಿನ ಮುಂಗೊ ಪಾಂಟನ್ ತೋರಿಸಿದ್ದ. ಡೈಕ್ರೋಮೇಟ್ ಸೇರಿದ ಜೆಲಟಿನ್ ಬೆಳಕು ತಾಗಿದಲ್ಲಿ ಗಟ್ಟಿಯಾಗಿ ನೀರಿಗೆ ಕರಗದಂತಾಗುತ್ತದೆ ಎಂಬುದನ್ನು 1852ರಲ್ಲಿ ಇಂಗ್ಲೆಂಡಿನ ಛಾಯಾಗ್ರಹಣ ಶೋಧಕ ಟಾಲ್ಬಟ್ ತನ್ನ ಕೆತ್ತನೆಯ ವಿಧಾನಕ್ಕೆ ಬಳಸಿಕೊಂಡ. 1855ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪ್ವಾತ್ವ್ಯಾಂ ಅದೇ ಜೆಲಟಿನ್‌ಗೆ ಕಾಡಿಗೆ ಬೆರೆಸಿ ಪೇಟೆಂಟ್ ಪಡೆದ. ತತ್ವ ಸರಿಯಿದ್ದರೂ ಚಿತ್ರ ಒರಟಾಗಿ ಬರುತ್ತಿತ್ತು: ಕಡುಗಪ್ಪು ಉಳಿಯುತ್ತಿತ್ತು, ಬಿಳಿ ಉಳಿಯುತ್ತಿತ್ತು, ನಡುವಿನ ನಯವಾದ ಬೂದು ಛಾಯೆಗಳು ನೀರಿನಲ್ಲಿ ಕೊಚ್ಚಿಹೋಗುತ್ತಿದ್ದವು. ಕಾರಣವನ್ನು 1858ರಲ್ಲಿ ಅಬ್ಬೆ ಲಾಬೋರ್ದ್ ಗುರುತಿಸಿದ. ಬೆಳಕು ಪದರದೊಳಕ್ಕೆ ಮೇಲಿನಿಂದ ಇಳಿಯುತ್ತದಾದ್ದರಿಂದ ಗಟ್ಟಿಯಾಗುವುದೂ ಮೇಲ್ಮೈಯಿಂದಲೇ ಆರಂಭ. ಬೆಳಕು ಹೇರಳವಾಗಿ ಬಿದ್ದ ಕಡೆ ಅದು ತಳದ ಕಾಗದದವರೆಗೂ ಇಳಿದು ಬೇರು ಬಿಡುತ್ತದೆ. ಕಡಿಮೆ ಬಿದ್ದ ಕಡೆ ಮೇಲಷ್ಟೇ ತೆಳ್ಳನೆಯ ಗಟ್ಟಿ ಪೊರೆಯಿದ್ದು, ಅದರ ಕೆಳಗೆ ಕರಗುವ ಜೆಲಟಿನ್ ಹಾಗೇ ಇರುತ್ತದೆ. ತೊಳೆಯುವಾಗ ಕೆಳಗಿನದು ಕರಗಿದರೆ ಮೇಲಿನ ಪೊರೆಗೆ ಆಧಾರವೇ ಇಲ್ಲ. ಇದಕ್ಕೆ ನಿಜವಾದ ಪರಿಹಾರ ಕೊಟ್ಟವನು ನ್ಯೂಕ್ಯಾಸಲ್‌ನ ಜೋಸೆಫ್ ವಿಲ್ಸನ್ ಸ್ವಾನ್, ಮುಂದೆ ವಿದ್ಯುತ್ ಬಲ್ಬಿನಿಂದ ಹೆಸರಾದವನು. 1864ರ ಅವನ ಪೇಟೆಂಟಿನ ತಿರುಳು ಸರಳ. ಬೆಳಕು ಕಂಡ ಹಾಳೆಯನ್ನು ಮಗುಚಿ, ಅದರ ಗಟ್ಟಿಯಾದ ಮುಖವನ್ನು ಹೊಸ ಕಾಗದಕ್ಕೆ ಅಂಟಿಸಿ, ಹಳೆಯ ಬೆನ್ನುಹಾಳೆಯನ್ನು ಸುಲಿದು ಹಿಂಬದಿಯಿಂದ ತೊಳೆಯಬೇಕು. ಆಗ ಅತಿ ತೆಳುವಾದ ಪೊರೆಗೂ ನೆಲೆ ಸಿಕ್ಕಿತು. ಟಿಶ್ಯೂ ಎಂದು ಕರೆಯುವ, ಮೊದಲೇ ಜೆಲಟಿನ್ ಬಳಿದಿಟ್ಟ ಹಾಳೆಯನ್ನು ತಯಾರಿಸಿ ಮಾರುವ ವಹಿವಾಟೂ ಅವನಿಂದಲೇ ಶುರುವಾಯಿತು.

ಆಮೇಲಿನ ಬೆಳವಣಿಗೆ ವೇಗವಾಗಿ ನಡೆಯಿತು. ಗ್ಲಾಸ್ಗೊದ ಥಾಮಸ್ ಅನ್ನನ್, ಆಲ್ಸೇಸಿನ ಅಡಾಲ್ಫ್ ಬ್ರಾನ್ ಸ್ವಾನನಿಂದ ಹಕ್ಕು ಪಡೆದರು. 1868ರಲ್ಲಿ ಲಂಡನ್ನಿನಲ್ಲಿ ಆಟೊಟೈಪ್ ಕಂಪನಿ ಹುಟ್ಟಿತು. ಯುರೋಪಿನ ಸಂಗ್ರಹಾಲಯಗಳ ರೇಖಾಚಿತ್ರ, ವರ್ಣಚಿತ್ರಗಳ ಪ್ರತಿಗಳನ್ನು ಬ್ರಾನ್ ಕಾರ್ಬನ್‌ನಲ್ಲೇ ತೆಗೆದು ಮಾರಿದ. ಕೆಂಪು ಸೀಮೆಸುಣ್ಣದ ಮೂಲಚಿತ್ರಕ್ಕೆ ಅದೇ ಕೆಂಪಿನ ಟಿಶ್ಯೂ ಬಳಸಬಹುದಾಗಿದ್ದುದು ಆ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. 1879ರಲ್ಲಿ ಕಾರ್ಲ್ ಕ್ಲಿಚ್ ರೂಪಿಸಿದ ಫೋಟೊಗ್ರಾವ್ಯೂರ್ ಎಂಬ ಕೆತ್ತನೆಯ ಮುದ್ರಣ ಕೂಡ ತಾಮ್ರದ ತಗಡಿನ ಮೇಲೆ ಇದೇ ಟಿಶ್ಯೂವನ್ನು ಅಂಟಿಸಿಕೊಂಡಿತು. ಆದರೂ 20ನೇ ಶತಮಾನದಲ್ಲಿ ಕಾರ್ಬನ್ ಹಿಂದೆ ಬಿದ್ದುದಕ್ಕೆ ಕಾರಣಗಳು ಸ್ಪಷ್ಟ. ಡೈಕ್ರೋಮೇಟ್ ಕುಡಿದ ಜೆಲಟಿನ್‌ನ ಬೆಳಕಿನ ಸಂವೇದನೆ ಬಹಳ ಕಡಿಮೆ, ಹಿಗ್ಗಿಸುವ ಯಂತ್ರದ ಮಂದ ಬೆಳಕು ಅದಕ್ಕೆ ಸಾಲದು. ಹಾಗಾಗಿ ಮುದ್ರಣ ಎಷ್ಟು ದೊಡ್ಡದೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದಿರಬೇಕು. ಕ್ಯಾಮೆರಾಗಳು ಚಿಕ್ಕದಾದಂತೆ, ಬ್ರೋಮೈಡ್ ಕಾಗದದ ಮೇಲೆ ಕ್ಷಣಾರ್ಧದಲ್ಲಿ ಹಿಗ್ಗಿಸಿ ಮುದ್ರಿಸುವುದು ಸಾಧ್ಯವಾದಂತೆ, ಕಾರ್ಬನ್ ದುಬಾರಿ ಹಟದಂತೆ ಕಾಣತೊಡಗಿತು. ಇನ್ನೊಂದು ತೊಡಕು ಎಡಬಲದ್ದು. ಪದರ ಮಗುಚಿಕೊಳ್ಳುವುದರಿಂದ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಅದನ್ನು ನೆಟ್ಟಗೆ ಮಾಡಲು ಮೊದಲು ತಾತ್ಕಾಲಿಕ ಹಾಳೆಗೂ ಅಲ್ಲಿಂದ ಕೊನೆಯ ಕಾಗದಕ್ಕೂ ಎರಡು ಸಲ ವರ್ಗಾಯಿಸಬೇಕಿತ್ತು, ಇಲ್ಲವೇ ನೆಗೆಟಿವ್ ಅನ್ನೇ ತಿರುಗಿಸಿ ತಯಾರಿಸಬೇಕಿತ್ತು. ವರ್ಗಾವಣೆ ಹೆಚ್ಚಿದಷ್ಟೂ ಗಾಳಿಗುಳ್ಳೆ, ಸುಕ್ಕು, ಹರಕಿನ ಅಪಾಯ ಹೆಚ್ಚು.

ಇಷ್ಟೆಲ್ಲ ಕಷ್ಟಪಟ್ಟು ಸಿಗುವುದೇನು ಎಂಬುದಕ್ಕೆ ಉತ್ತರ ಪದರದ ಭೌತಶಾಸ್ತ್ರದಲ್ಲಿದೆ. ಕೆರೆಯ ಕೆಂಪುನೀರು ದಡದಲ್ಲಿ ತಿಳಿಯಾಗಿ, ನಡುವಿನ ಮಡುವಿನಲ್ಲಿ ಕಪ್ಪಾಗಿ ಕಾಣುವಂತೆ, ಕಾರ್ಬನ್ ಮುದ್ರಣದಲ್ಲಿ ಒಂದೇ ಬಣ್ಣದ ಜೆಲಟಿನ್ ತೆಳುವಾದಲ್ಲಿ ತಿಳಿ, ದಪ್ಪವಾದಲ್ಲಿ ಗಾಢ. ಛಾಯೆಗಳ ವ್ಯತ್ಯಾಸವೆಲ್ಲ ದಪ್ಪದ ವ್ಯತ್ಯಾಸ. ಈಗ ಬೆಳಕು ಪದರದೊಳಗೆ ಒಂದು ನಿರ್ದಿಷ್ಟ ಆಳ ಇಳಿಯುವಷ್ಟರಲ್ಲಿ ಅರ್ಧವಾಗುತ್ತದೆ ಎಂದುಕೊಳ್ಳೋಣ. ಜೆಲಟಿನ್ ಗಟ್ಟಿಯಾಗಲು ಕನಿಷ್ಠ ಇಷ್ಟು ಬೆಳಕು ಬೇಕು ಎಂಬ ಒಂದು ಹೊಸ್ತಿಲೂ ಇದೆ. ಹಾಗಿದ್ದರೆ ಮೇಲೆ ಬೀಳುವ ಬೆಳಕನ್ನು ಎರಡು ಪಟ್ಟು ಮಾಡಿದಾಗಲೆಲ್ಲ ಗಟ್ಟಿಯಾಗುವ ಆಳಕ್ಕೆ ಅದೇ ಅಳತೆಯ ಇನ್ನೊಂದು ತುಂಡು ಸೇರುತ್ತದೆ. ಬೆಳಕು ಪಟ್ಟು ಲೆಕ್ಕದಲ್ಲಿ ಏರಿದರೆ ದಪ್ಪ ಸಮ ಮೆಟ್ಟಿಲುಗಳಲ್ಲಿ ಏರುತ್ತದೆ, ದಪ್ಪದೊಂದಿಗೆ ಸಾಂದ್ರತೆಯೂ. ಬೆಳ್ಳಿಯ ಕಾಗದಗಳಲ್ಲಿ ಛಾಯೆಗಳ ರೇಖೆ ತಿಳಿಭಾಗದಲ್ಲೂ ಕಪ್ಪಿನ ತುದಿಯಲ್ಲೂ ಬಾಗಿಕೊಂಡರೆ, ಕಾರ್ಬನ್‌ನ ರೇಖೆ ಬಹುದೂರ ನೇರವಾಗಿ ಸಾಗುವುದಕ್ಕೆ ಇದೇ ಕಾರಣ. ನೆರಳಿನೊಳಗಣ ನೆರಳು ಬೇರೆಬೇರೆಯಾಗಿ ಕಾಣುವ ಆ ಗುಣ ಯಾವ ಕುಶಲಿಯ ಕೈಚಳಕವೂ ಅಲ್ಲ, ವಿಧಾನದ ಹುಟ್ಟುಗುಣ. ಡೈಕ್ರೋಮೇಟ್ ಹೆಚ್ಚಿದರೆ ಚಿತ್ರದ ಕಾಂಟ್ರಾಸ್ಟ್ ಇಳಿಯುವುದನ್ನೂ ಇದೇ ಲೆಕ್ಕ ವಿವರಿಸುತ್ತದೆ. ಡೈಕ್ರೋಮೇಟ್ ತಾನೇ ಕಿತ್ತಳೆ ಬಣ್ಣದ್ದು, ಅತಿನೇರಳೆಯನ್ನು ಬಲವಾಗಿ ಹೀರುತ್ತದೆ. ದ್ರಾವಣ ಪ್ರಬಲವಾದಷ್ಟೂ ಬೆಳಕು ಆಳಕ್ಕೆ ಇಳಿಯದೆ ಮೇಲೇ ಖರ್ಚಾಗುತ್ತದೆ. ಕಡಿಮೆ ಡೈಕ್ರೋಮೇಟ್, ಕಡಿಮೆ ಬಣ್ಣ, ದಪ್ಪ ಪದರ ಇವು ಸೇರಿದರೆ ಬೆಳಕು ಆಳಕ್ಕಿಳಿದು, ಒಣಗಿದ ಮುದ್ರಣದ ಮೇಲೂ ಬೆರಳಿಗೆ ತಾಗುವ ಉಬ್ಬುತಗ್ಗು ಉಳಿಯುತ್ತದೆ.

ಈ ನೇರ ರೇಖೆಗೆ ಒಂದು ಬೆಲೆಯಿದೆ. ಹೊಸ್ತಿಲಿಗಿಂತ ಕೆಳಗೆ ಏನೂ ಇಲ್ಲ. ಆಗಸದ ಮೋಡ, ಬಿಳಿಬಟ್ಟೆಯ ಮಡಿಕೆಯಂಥ ಅತಿ ತಿಳಿ ಛಾಯೆಗಳು ಆ ಗಡಿಯ ಕೆಳಗೆ ಜಾರಿದರೆ ಮಾಯವಾಗುತ್ತವೆ. ಆದ್ದರಿಂದ ನೆಗೆಟಿವ್‌ನ ತೀರ ದಟ್ಟ ಭಾಗವೂ ಚೂರು ಬೆಳಕು ಬಿಡುವಂತಿರಬೇಕು. ಅದರ ತಿಳಿ ಮತ್ತು ದಟ್ಟ ಭಾಗಗಳ ಅಂತರ ಟಿಶ್ಯೂವಿನ ಸ್ವಭಾವಕ್ಕೆ ಸರಿಯಾಗಿ ಕೂಡಿಬರಬೇಕು. ಲಾಗರಿದಮ್ ಅಳತೆಯಲ್ಲಿ ಈ ಅಂತರ ಸಾಮಾನ್ಯವಾಗಿ 2ರ ಆಸುಪಾಸು, ಅಂದರೆ ದಟ್ಟ ಭಾಗ ದಾಟಿಬರುವ ಬೆಳಕು ತಿಳಿ ಭಾಗದ್ದರ ನೂರರಲ್ಲೊಂದು ಪಾಲು. ಬ್ರೋಮೈಡ್ ಕಾಗದಕ್ಕೆಂದು ಡೆವಲಪ್ ಮಾಡಿದ ಫಿಲ್ಮ್ ಇಷ್ಟು ದೂರ ಬರುವುದಿಲ್ಲ. ಹಿಂದಿನ ಮುದ್ರಕರು ಫಿಲ್ಮನ್ನು ಕಾರ್ಬನ್‌ಗೆಂದೇ ಹೆಚ್ಚು ಹೊತ್ತು ಡೆವಲಪ್ ಮಾಡುತ್ತಿದ್ದರು. ಒಮ್ಮೆ ಹಾಗೆ ಮಾಡಿದ ಮೇಲೆ ಅದನ್ನು ಹಿಂದಕ್ಕೆ ತರುವ ಸುಲಭದ ಹಾದಿ ಇರಲಿಲ್ಲ. ಡಿಜಿಟಲ್ ನೆಗೆಟಿವ್ ಮೊದಲು ಸಡಿಲಿಸಿದ್ದು ಈ ಬಿಗಿಯನ್ನು. 1995ರಲ್ಲಿ ಅಮೆರಿಕದ ಡ್ಯಾನ್ ಬರ್ಕ್‌ಹೋಲ್ಡರ್ ಡಿಜಿಟಲ್ ನೆಗೆಟಿವ್‌ಗಳ ಬಗ್ಗೆ ಪುಸ್ತಕ ಪ್ರಕಟಿಸಿದಾಗ, ಅವನ್ನು ಅಚ್ಚುಕೂಟಗಳ ಇಮೇಜ್‌ಸೆಟರ್ ಯಂತ್ರಗಳಲ್ಲಿ ತೆಗೆಸಬೇಕಿತ್ತು. ಕೆಲವೇ ವರ್ಷಗಳಲ್ಲಿ ಮೇಜಿನ ಮೇಲಿನ ಇಂಕ್‌ಜೆಟ್ ಪ್ರಿಂಟರೇ ಆ ಕೆಲಸಕ್ಕೆ ಸಾಕಾಯಿತು. ಗಾತ್ರದ ಕಟ್ಟು ಹೋಯಿತು. ಎಡಬಲ ತಿರುಗಿಸುವುದು ಗುಂಡಿಯೊತ್ತುವಷ್ಟು ಹಗುರಾಗಿ, ಒಂದೇ ವರ್ಗಾವಣೆಯಲ್ಲಿ ನೆಟ್ಟಗಿನ ಚಿತ್ರ ಬರತೊಡಗಿತು.

ಹಾಗೆಂದು ಪರದೆಯ ಮೇಲಿನ ಚಿತ್ರದ ಕಪ್ಪುಬಿಳುಪನ್ನು ಅದಲುಬದಲು ಮಾಡಿ ಅಚ್ಚು ತೆಗೆದ ಮಾತ್ರಕ್ಕೆ ನೆಗೆಟಿವ್ ಆಗುವುದಿಲ್ಲ. ಕಣ್ಣಿಗೆ ದಟ್ಟವಾಗಿ ಕಾಣುವ ಶಾಯಿ ಅತಿನೇರಳೆಗೆ ಅಷ್ಟೇ ಅಡ್ಡವಾಗಬೇಕೆಂದಿಲ್ಲ. ಕೆಲವು ಪ್ರಿಂಟರುಗಳಲ್ಲಿ ಹಸಿರು, ಕಿತ್ತಳೆ ಮಿಶ್ರಣಗಳು ಕಪ್ಪಿಗಿಂತಲೂ ಬಲವಾಗಿ ಅದನ್ನು ತಡೆಯುತ್ತವೆ. ಅದಕ್ಕಾಗಿ ಮುದ್ರಕರು ಮೊದಲು ತಿಳಿಯಿಂದ ದಟ್ಟದವರೆಗೆ ಸಮ ಹೆಜ್ಜೆಯ ಚೌಕಗಳಿರುವ ಪಟ್ಟಿಯೊಂದನ್ನು ಪಾರದರ್ಶಕ ಹಾಳೆಯ ಮೇಲೆ ಅಚ್ಚು ತೆಗೆದು, ಅದರಿಂದ ಕಾರ್ಬನ್ ಮುದ್ರಣ ಮಾಡಿ, ಒಣಗಿದ ಮೇಲೆ ಪ್ರತಿ ಚೌಕದ ಸಾಂದ್ರತೆ ಅಳೆಯುತ್ತಾರೆ. ಬಯಸಿದ್ದಕ್ಕೂ ಬಂದಿದ್ದಕ್ಕೂ ಇರುವ ಅಂತರವನ್ನು ತುಂಬುವ ತಿದ್ದುಪಡಿಯ ರೇಖೆ ಆ ಅಳತೆಯಿಂದ ಸಿಗುತ್ತದೆ. ಆ ರೇಖೆ ಅದೇ ಪ್ರಿಂಟರು, ಅದೇ ಹಾಳೆ, ಅದೇ ಟಿಶ್ಯೂ, ಅದೇ ದೀಪಕ್ಕೆ ಮಾತ್ರ ಸಲ್ಲುತ್ತದೆ. ಜೆಲಟಿನ್‌ನ ಹೊಸ ಡಬ್ಬಿ ತೆರೆದರೂ ಮತ್ತೆ ನೋಡಿಕೊಳ್ಳುವುದು ಒಳ್ಳೆಯದು. ಇನ್ನು ಶಾಯಿಯ ಮುಖ ಟಿಶ್ಯೂವಿಗೆ ತಾಗಿಕೊಂಡಿರಬೇಕು, ಇಲ್ಲದಿದ್ದರೆ ಅಂಚುಗಳು ಮಸುಕಾಗುತ್ತವೆ. ಟಿಶ್ಯೂವಿನಲ್ಲಿ ಚೂರು ತೇವವಿದ್ದರೂ ಶಾಯಿ ಅದಕ್ಕೆ ಅಂಟಿಕೊಂಡು ಎರಡೂ ಹಾಳಾಗುವುದರಿಂದ ಹಲವರು ನಡುವೆ ಅತಿ ತೆಳುವಾದ ಪ್ಲಾಸ್ಟಿಕ್ ಪೊರೆ ಇಡುತ್ತಾರೆ.

ನೆಗೆಟಿವ್‌ನಿಂದಾಚೆಗೆ ಕೆಲಸ ಬಹುಮಟ್ಟಿಗೆ ಸ್ವಾನನ ಕಾಲದ್ದೇ. ಡೈಕ್ರೋಮೇಟನ್ನು ಬೇಗ ಒಣಗಲೆಂದು ಆಲ್ಕೊಹಾಲ್ ಅಥವಾ ಅಸಿಟೋನ್ ಬೆರೆಸಿ ಕುಂಚದಿಂದ ಟಿಶ್ಯೂವಿನ ಮೇಲೆ ಎಳೆಯುತ್ತಾರೆ. ಒಣಗಿದ ಹಾಳೆಯನ್ನು ಇಟ್ಟುಕೊಂಡು ಕೂರುವಂತಿಲ್ಲ. ಕತ್ತಲಲ್ಲೂ ಅದು ತಾನಾಗಿ ಗಟ್ಟಿಯಾಗುತ್ತ ಹೋಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬೆಳಕು ತೋರಿಸಿದ ಬಳಿಕ ಟಿಶ್ಯೂವನ್ನೂ ಕೊನೆಯ ಕಾಗದವನ್ನೂ ತಣ್ಣೀರಿನಲ್ಲಿ ಮುಳುಗಿಸಿ, ಮುಖಕ್ಕೆ ಮುಖ ಕೂಡಿಸಿ ಎತ್ತಿ, ರಬ್ಬರ್ ಪಟ್ಟಿಯಿಂದ ನೀರು ಒತ್ತಿ ತೆಗೆದು, ಮೇಲೆ ಭಾರ ಹೇರಿ ಸುಮಾರು 20 ನಿಮಿಷ ಬಿಡುತ್ತಾರೆ. ಟಿಶ್ಯೂ ತಣ್ಣೀರಿನಲ್ಲಿ ಎಷ್ಟು ಹೊತ್ತಿರಬೇಕೆಂಬುದು ಸೂಕ್ಷ್ಮ ವಿಷಯ. ಜೆಲಟಿನ್ ಪೂರ್ತಿ ಉಬ್ಬುವ ಮೊದಲೇ ಕಾಗದಕ್ಕೆ ಕೂಡಿಸಬೇಕು, ಉಳಿದ ನೀರನ್ನು ಅದು ನಡುವಿನಿಂದಲೇ ಹೀರಿಕೊಂಡು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಂಗಳೂರಿನಂಥ ಊರಿನ ನಲ್ಲಿನೀರಿನಲ್ಲಿ ಈ ಹಂತ ಮಂಜುಗಡ್ಡೆಯಿಲ್ಲದೆ ನಡೆಯುವುದು ಕಷ್ಟ. ಆಮೇಲೆ ಜೋಡಿಹಾಳೆಗಳನ್ನು 40ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿನೀರಿಗೆ ಇಳಿಸುತ್ತಾರೆ. ಸ್ವಲ್ಪ ಹೊತ್ತಿಗೆ ಅಂಚಿನಿಂದ ಕಪ್ಪು ದ್ರವ ಒಸರತೊಡಗುತ್ತದೆ. ಆಗ ಒಂದು ಮೂಲೆ ಹಿಡಿದು ಬೆನ್ನುಹಾಳೆಯನ್ನು ನೀರಿನೊಳಗೇ ನಿಧಾನವಾಗಿ ಸುಲಿದರೆ ಕೆಳಗೆ ಕಾಣುವುದು ಬರೀ ಕೆಸರಿನಂಥ ಕಪ್ಪು. ತಟ್ಟೆಯನ್ನು ಅಲುಗಿಸುತ್ತಿದ್ದಂತೆ ಚಿತ್ರ ಮೆಲ್ಲಮೆಲ್ಲನೆ ತೆರೆದುಕೊಳ್ಳುತ್ತದೆ. ಕೊನೆಗೆ ತಣ್ಣೀರಿನಲ್ಲಿ ಬಿಗಿಗೊಳಿಸಿ, ಮೆಟಾಬೈಸಲ್ಫೈಟ್ ದ್ರಾವಣದಲ್ಲಿ ಡೈಕ್ರೋಮೇಟ್‌ನ ಕಲೆ ತೆಗೆದು, ತೊಳೆದು ಒಣಗಿಸುತ್ತಾರೆ.

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು ಚುಕ್ಕೆಗಳದ್ದು. ಪ್ರಿಂಟರು ಹನಿಹನಿಯಾಗಿ ಶಾಯಿ ಉದುರಿಸುತ್ತದೆ. ನೆಗೆಟಿವೇ ಚುಕ್ಕೆಗಳ ರಾಶಿಯಾಗಿರುವಾಗ ಅಖಂಡ ಛಾಯೆಯ ಮಾತೆಲ್ಲಿ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ನಿಜಾಂಶವಿದೆ. ದೊಡ್ಡ ನೆಗೆಟಿವ್ ಹಾಕುವ ಕ್ಯಾಮೆರಾದಿಂದಲೇ ತೆಗೆದ ಫಿಲ್ಮಿನ ನಯ ಇನ್ನೂ ಮೇಲು. ಬೂದು ಆಗಸದಂಥ ಬಯಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಡಿಜಿಟಲ್ ನೆಗೆಟಿವ್‌ನ ತರಿ ಕಾಣುತ್ತದೆ, ಪ್ರಿಂಟರಿನ ತಲೆ ಓಡಾಡಿದ ಗೆರೆಗಳೂ ಕೆಲವೊಮ್ಮೆ ಮೂಡುತ್ತವೆ. ಆದರೆ ಮುದ್ರಣದ ತಿಳಿಭಾಗಗಳು ನೆಗೆಟಿವ್‌ನಲ್ಲಿ ದಟ್ಟಭಾಗಗಳೆಂಬುದನ್ನು ಮರೆಯಬಾರದು. ಅಲ್ಲಿ ಹನಿಗಳು ಒಂದರ ಮೇಲೊಂದು ಬಿದ್ದು ಬೆರೆತಿರುತ್ತವೆ. ಹನಿಗಳು ಬಿಡಿಬಿಡಿಯಾಗಿರುವ ತೆಳುಭಾಗಗಳು ಮುದ್ರಣದಲ್ಲಿ ಗಾಢ ನೆರಳಾಗುವುದರಿಂದ ಅಲ್ಲಿನ ತರಿ ಕಪ್ಪಿನಲ್ಲಿ ಅಡಗುತ್ತದೆ. ದೀಪದ ಬೆಳಕು ಹಲವು ದಿಕ್ಕಿನಿಂದ ಬರುವುದರಿಂದ ಚುಕ್ಕೆಯ ಅಂಚು ಜೆಲಟಿನ್‌ನೊಳಗೆ ಇಳಿಜಾರಾಗಿ ಹರಡುತ್ತದೆ. ಕೊನೆಗೆ ಕಾಗದದ ಮೇಲೆ ನಿಲ್ಲುವುದು ಶಾಯಿಯ ಚುಕ್ಕೆಗಳಲ್ಲ, ಏರಿಳಿತವಿರುವ ಒಂದೇ ಪದರ. ನೆಗೆಟಿವ್‌ನ ಕೊರತೆ ಮುದ್ರಣಕ್ಕೆ ಇಳಿದೀತು, ಮುದ್ರಣದ ಜಾತಿಯನ್ನು ಅದು ಬದಲಿಸಲಾರದು.

ಎರಡನೆಯ ಪ್ರಶ್ನೆ ಇದರ ಇನ್ನೊಂದು ಮುಖ. ಚಿತ್ರ ಹೇಗೂ ಪ್ರಿಂಟರಿನ ಮೂಲಕವೇ ಬರುವುದಾದರೆ ನೇರವಾಗಿ ಒಳ್ಳೆಯ ಕಾಗದದ ಮೇಲೇ ಅಚ್ಚು ತೆಗೆಯಬಾರದೇ? ಬಾಳಿಕೆಯೊಂದನ್ನೇ ಹಿಡಿದು ವಾದಿಸುವವರು ಇಲ್ಲಿ ಸೋಲುತ್ತಾರೆ. ಇಂದಿನ ಒಳ್ಳೆಯ ಇಂಕ್‌ಜೆಟ್ ಶಾಯಿಗಳಲ್ಲೂ ವರ್ಣದ್ರವ್ಯವೇ ಇದೆ, ಕಪ್ಪಿನಲ್ಲಿ ಇಂಗಾಲವೇ ಇದೆ. ಜೆಲಟಿನ್ ಕೂಡ ಅವಿನಾಶಿಯಲ್ಲ: ತೇವದಲ್ಲಿ ಬೂಷ್ಟು ಹಿಡಿಯುತ್ತದೆ, ತೀರ ಒಣಹವೆಯಲ್ಲಿ ಬಿರಿಯಬಹುದು. ಮಾಸುವ ಭಯದಿಂದ ಹುಟ್ಟಿದ ಈ ವಿಧಾನಕ್ಕೆ ಇಂದು ಆ ಭಯ ಸಾಕಷ್ಟು ಆಧಾರವಾಗದು ಎಂದು ಒಪ್ಪಿಕೊಳ್ಳುವುದೇ ನ್ಯಾಯ. ಉಳಿಯುವ ಆಧಾರ ರಚನೆಯದು. ಇಂಕ್‌ಜೆಟ್ ಅಚ್ಚಿನಲ್ಲಿ ಶಾಯಿ ಕಾಗದದ ಲೇಪದಲ್ಲಿ ತೆಳುವಾಗಿ ಕುಳಿತಿರುತ್ತದೆ. ಕಾರ್ಬನ್‌ನಲ್ಲಿ ಬೆಳಕು ಪದರದೊಳಗೆ ಹೊಕ್ಕು, ಕಾಗದಕ್ಕೆ ಬಡಿದು, ಅದೇ ಪದರದ ಮೂಲಕ ಕಣ್ಣಿಗೆ ಮರಳುತ್ತದೆ. ನೆರಳಿಗೆ ಅಳೆಯಬಹುದಾದ ಆಳವಿದೆ. ಕಿಟಕಿಯ ಬಳಿ ಮುದ್ರಣವನ್ನು ಓರೆಯಾಗಿ ಹಿಡಿದರೆ ಕಪ್ಪುಭಾಗಗಳು ಉಬ್ಬಿ ಹೊಳೆಯುತ್ತವೆ, ಬಿಳಿಭಾಗಗಳಲ್ಲಿ ಕಾಗದದ ಮೈ ಹಾಗೇ ಮಂದವಾಗಿರುತ್ತದೆ. ಚಿತ್ರದ ವಸ್ತುವಿಗೆ ಈ ಗುಣ ಬೇಕಿಲ್ಲವಾದರೆ ಇಂಕ್‌ಜೆಟ್ ಅಚ್ಚೇ ಸಾಕು, ಅದರಲ್ಲಿ ಕೀಳರಿಮೆ ಪಡುವಂಥದ್ದೇನಿಲ್ಲ. ಬೇಕಿದ್ದರೆ ಬೇರೆ ದಾರಿಯಿಲ್ಲ.

ಕಂಪ್ಯೂಟರು ನಡುವೆ ಬಂದರೆ ಅದು ಛಾಯಾಗ್ರಹಣವೇ ಅಲ್ಲ ಎಂಬ ಮೂರನೆಯ ಆಕ್ಷೇಪಕ್ಕೆ ಇತಿಹಾಸವೇ ಉತ್ತರ. ಕ್ಯಾಮೆರಾದಿಂದ ಬಂದ ನೆಗೆಟಿವ್ ನೇರವಾಗಿ ಟಿಶ್ಯೂವಿನ ಮೇಲೆ ಕೂರಬೇಕೆಂಬ ಮಡಿ 19ನೇ ಶತಮಾನದಲ್ಲೂ ಇರಲಿಲ್ಲ. ಚಿಕ್ಕ ನೆಗೆಟಿವ್‌ನಿಂದ ಗಾಜಿನ ಮೇಲೆ ಪಾಸಿಟಿವ್, ಅದರಿಂದ ಹಿಗ್ಗಿಸಿದ ಹೊಸ ನೆಗೆಟಿವ್ ತಯಾರಿಸುವುದು ವಾಡಿಕೆಯಾಗಿತ್ತು. ಆ ನಡುವಿನ ಪಾಸಿಟಿವ್‌ಗೆ ಕಾರ್ಬನ್ ಟಿಶ್ಯೂವನ್ನೇ ಬಳಸುತ್ತಿದ್ದುದೂ ಉಂಟು. ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುವುದು ದಿನದ ಕೆಲಸ. ಮಧ್ಯವರ್ತಿ ನೆಗೆಟಿವ್ ಈ ಕಸುಬಿನ ಜೊತೆಗೇ ಬೆಳೆದದ್ದು. ಬಣ್ಣದ ಮುದ್ರಣದಲ್ಲಂತೂ ಇದು ಇನ್ನೂ ಸ್ಪಷ್ಟ. 1930ರ ದಶಕದಲ್ಲಿ ನಿಕೋಲಸ್ ಮುರೇ ಚಿತ್ರಕಲಾವಿದೆ ಫ್ರೀಡಾ ಕಾಲೊರ ಭಾವಚಿತ್ರಗಳನ್ನು ಕಾರ್ಬನ್‌ನ ದಾಯಾದಿಯಾದ ಕಾರ್ಬ್ರೊ ವಿಧಾನದಲ್ಲಿ ಮಾಡಿದಾಗ, ಕೆಂಪು, ಹಸಿರು, ನೀಲಿ ಬೆಳಕಿನ ಮೂರು ನೆಗೆಟಿವ್‌ಗಳ ಕಾಂಟ್ರಾಸ್ಟ್ ಒಂದಕ್ಕೊಂದು ಸರಿಹೊಂದಿ, ಮೂರು ಪದರಗಳು ಕೂದಲೆಳೆಯಷ್ಟೂ ಸರಿಯದೆ ಕೂರಬೇಕಿತ್ತು. ಬಣ್ಣಗಳ ವಿಂಗಡಣೆ, ಕಾಂಟ್ರಾಸ್ಟ್‌ನ ಹೊಂದಾಣಿಕೆ ಎರಡನ್ನೂ ಈಗ ಕಂಪ್ಯೂಟರು ನೋಡಿಕೊಳ್ಳುತ್ತದೆ. ಪದರಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸ ಮಾತ್ರ ಇಂದಿಗೂ ಕೈಗೇ ಉಳಿದಿದೆ.

ನಾಲ್ಕನೆಯ ಆಕ್ಷೇಪ ನೆಗೆಟಿವ್‌ನದಲ್ಲ, ರಸಾಯನದ್ದು. ಎಲ್ಲಕ್ಕಿಂತ ಗಂಭೀರವಾದುದೂ ಇದೇ. ಡೈಕ್ರೋಮೇಟ್‌ನಲ್ಲಿರುವ ಆರು ಸಂಯೋಜಕತೆಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಚರ್ಮಕ್ಕೆ ತಾಗಿದರೆ ಹುಣ್ಣು, ಅಲರ್ಜಿ. ಪುಡಿ ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಹಾನಿ. ಚರಂಡಿಗೆ ಸುರಿದರೆ ನೀರಿಗೆ ವಿಷ. 2017ರ ಸೆಪ್ಟೆಂಬರ್‌ನಿಂದ ಯುರೋಪ್ ಒಕ್ಕೂಟದಲ್ಲಿ ವಿಶೇಷ ಅನುಮತಿಯಿಲ್ಲದೆ ಇದರ ಬಳಕೆ ಸಲ್ಲದು. ಹಿಂದಿನವರೆಲ್ಲ ಬಳಸಿದರಲ್ಲ ಎಂಬ ಸಮಾಧಾನ ಇಲ್ಲಿ ಹೊಣೆಗೇಡಿತನ. ಕೈಗವಸು, ಮುಖಗವಸು ಕನಿಷ್ಠ ಎಚ್ಚರಗಳು. ಬದಲಿ ಸಂವೇದಕ ಹುಡುಕುವುದೇ ಸರಿಯಾದ ದಾರಿ. ಕೆಲವು ಮುದ್ರಕರು ಡಿಎಎಸ್ ಎಂಬ, ಕ್ರೋಮಿಯಂ ಇಲ್ಲದ ಡೈಅಜೈಡ್ ಸಂಯುಕ್ತವನ್ನು ಜೆಲಟಿನ್ ಕಲಸುವಾಗಲೇ ಬೆರೆಸುತ್ತಾರೆ. ಅಂಥ ಟಿಶ್ಯೂವನ್ನು ಡೈಕ್ರೋಮೇಟ್ ಹಚ್ಚಿದ್ದಕ್ಕಿಂತ ಹೆಚ್ಚು ಕಾಲ ಕತ್ತಲಲ್ಲಿ ಇಟ್ಟುಕೊಳ್ಳಬಹುದು. ಚಿತ್ರದಲ್ಲಿ ಉಳಿಯುವ ಹಳದಿ ಛಾಯೆಯನ್ನು ತೆಗೆಯಲು ಮಾತ್ರ ಬೇರೆಯೇ ಶ್ರಮ ಪಡಬೇಕು. ಡೈಕ್ರೋಮೇಟ್‌ನ ಪ್ರಮಾಣ ಏರಿಳಿಸಿ ಪ್ರತಿ ಚಿತ್ರಕ್ಕೂ ಕಾಂಟ್ರಾಸ್ಟ್ ಹೊಂದಿಸುತ್ತಿದ್ದ ಸೌಕರ್ಯವೂ ಇಲ್ಲಿಲ್ಲ, ಏಕೆಂದರೆ ಟಿಶ್ಯೂ ಬಳಿದ ದಿನವೇ ಅದು ನಿಗದಿಯಾಗಿಬಿಟ್ಟಿರುತ್ತದೆ. ನಿಗದಿಯಾದ ಟಿಶ್ಯೂವಿಗೆ ಹೊಂದಿಕೊಳ್ಳಬೇಕಾದುದು ನೆಗೆಟಿವ್. ಡೆವಲಪ್ ಆಗಿ ಮುಗಿದ ಫಿಲ್ಮಿಗೆ ಹಾಗೆ ಬಾಗುವ ಗುಣವಿಲ್ಲ. ಪ್ರಿಂಟರಿನಿಂದ ಬರುವ ನೆಗೆಟಿವ್‌ಗಾದರೆ ರೇಖೆಯೊಂದನ್ನು ಬದಲಿಸಿ ಇನ್ನೊಂದು ಹಾಳೆ ಅಚ್ಚು ತೆಗೆದರಾಯಿತು. ಡೈಕ್ರೋಮೇಟ್ ಬಿಟ್ಟು ಕಾರ್ಬನ್ ಮುದ್ರಣ ಮಾಡಬಯಸುವವರ ಕೆಲಸ ಹೆಚ್ಚಾಗಿ ಡಿಜಿಟಲ್ ನೆಗೆಟಿವ್‌ನಿಂದಲೇ ಶುರುವಾಗುವುದು ಇದೇ ಕಾರಣಕ್ಕೆ.